ಬಿಲ್ ಗೇಟ್ಸ್ ಅವರೇ, ಇನ್ನೊಂದು ಪತ್ರ ಬರೆಯಿರಿ

ಮಾನ್ಯ ಬಿಲ್ ಗೇಟ್ಸ್ ಅವರಿಗೆ,



1976ರ ಫೆಬ್ರವರಿ 3ರ ತಾರೀಖು ಹಾಕಿ ನೀವು ಕಂಪ್ಯೂಟರ್ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರವನ್ನು, ನನ್ನ ಜೊತೆ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಓದಲು ಕೊಡುತ್ತೇನೆ. ಒಂದೇ ಪುಟದ ಪತ್ರ. ಬರೆದಾಗ ನಿಮಗೆ ಇಪ್ಪತ್ತು ವರ್ಷ, ಅಂದರೆ ಅದನ್ನು ಓದುವ ಈ ಮಕ್ಕಳಿಗಿಂತ ಚಿಕ್ಕ ವಯಸ್ಸು. ಮೈಕ್ರೋ-ಸಾಫ್ಟ್ ಅಂತ ಹೆಸರಿನ ನಡುವೆ ಇನ್ನೂ ಅಡ್ಡಗೆರೆ ಇದ್ದ ಕಾಲ. ಆಲ್ಬುಕರ್ಕಿಯ ಒಂದು ಮನೆ ವಿಳಾಸ. ನೀವು ಪೌಲ್ ಆಲೆನ್ ಜೊತೆ ಸೇರಿ, ಮಾಂಟಿ ಡೇವಿಡಾಫ್ ಅವರನ್ನು ಕೆಲಸಕ್ಕೆ ಇಟ್ಟುಕೊಂಡು ಆಲ್ಟೇರ್ ಎಂಬ ಕಂಪ್ಯೂಟರಿಗೆ ಬೇಸಿಕ್ ಭಾಷೆಯ ಪ್ರೋಗ್ರಾಂ ಬರೆದಿರಿ. ಜನ ಅದನ್ನು ಬಳಸಿದರು, ಮೆಚ್ಚಿ ಮಾತಾಡಿದರು, ಆದರೆ ಕೊಂಡುಕೊಳ್ಳಲಿಲ್ಲ. ಆಲ್ಟೇರ್ ಇದ್ದವರಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಮಂದಿ ದುಡ್ಡು ಕೊಟ್ಟಿದ್ದರು ಅಂತ ಲೆಕ್ಕ ಕೊಟ್ಟಿರಿ. ನಿಮ್ಮ ದುಡಿಮೆಗೆ ಗಂಟೆಗೆ ಎರಡು ಡಾಲರ್ ಕೂಡ ಬೀಳಲಿಲ್ಲ ಅಂದಿರಿ. ಬಳಸಿದ ಕಂಪ್ಯೂಟರ್ ಸಮಯದ ಬೆಲೆಯೇ 40,000 ಡಾಲರ್ ದಾಟಿತ್ತು ಅಂದಿರಿ. ಮೂರು ಮ್ಯಾನ್-ಇಯರ್ ಶ್ರಮ ಹಾಕಿ, ಬಗ್‌ಗಳನ್ನೆಲ್ಲ ಹುಡುಕಿ, ಕೈಪಿಡಿ ಬರೆದು ಯಾವ ಹವ್ಯಾಸಿ ತಾನೆ ಪುಕ್ಕಟೆ ಹಂಚುತ್ತಾನೆ ಅಂತ ಕೇಳಿದಿರಿ.

ಆ ಪತ್ರವನ್ನು ಇವತ್ತಿಗೂ ಎರಡು ಕಾರಣಕ್ಕೆ ನೆನೆಯುತ್ತೇನೆ. ಕೋಡ್ ಬರೆಯುವುದು ದುಡಿಮೆ ಎಂದು ಅಷ್ಟು ಗಟ್ಟಿಯಾಗಿ, ಲೆಕ್ಕದ ಸಮೇತ ಸಾರ್ವಜನಿಕವಾಗಿ ಹೇಳಿದವರು ಆಗ ಕಡಿಮೆ. ಮತ್ತು ನಿಮ್ಮ ಬೆನ್ನಿಗೆ ಆಗ ಕಾನೂನಿನ ಸ್ಪಷ್ಟ ಬಲವಿರಲಿಲ್ಲ. ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಎಂಬ ವಸ್ತುವಿಗೆ ಖಚಿತ ಜಾಗ ಸಿಕ್ಕಿದ್ದು 1980ರ ತಿದ್ದುಪಡಿಯಲ್ಲಿ. ಯಂತ್ರಭಾಷೆಯಲ್ಲಿರುವ ಪ್ರೋಗ್ರಾಮಿಗೂ ರಕ್ಷಣೆ ಇದೆ ಎಂದು ಮೇಲಿನ ಕೋರ್ಟು ಹೇಳಿದ್ದು 1983ರ ಆಪಲ್ ಮತ್ತು ಫ್ರಾಂಕ್ಲಿನ್ ಕಂಪನಿಗಳ ಮೊಕದ್ದಮೆಯಲ್ಲಿ. ನಮ್ಮ ದೇಶದ 1957ರ ಕಾಯ್ದೆಗೆ ಪ್ರೋಗ್ರಾಂ ಸೇರಿದ್ದು 1984ರಲ್ಲಿ. ನೀವು ನ್ಯಾಯವನ್ನೇ ನಂಬಿ ಬರೆದಿರಿ. ಅದಕ್ಕೆ ನನ್ನ ಗೌರವವಿದೆ. ಆದರೆ ನಕಲು ಯಾಕೆ ತಪ್ಪು ಎಂಬುದಕ್ಕೆ ನೀವು ಕೊಟ್ಟ ಕಾರಣ ಸಾಲದು, ಮತ್ತು ಅದು ಸಾಲದೆ ಹೋದದ್ದರ ಪರಿಣಾಮವನ್ನು ಇವತ್ತು ನನ್ನಂಥ ಲಕ್ಷಾಂತರ ಪ್ರೋಗ್ರಾಮರುಗಳು ಉಣ್ಣುತ್ತಿದ್ದೇವೆ. ಅದಕ್ಕೇ ಈ ಪತ್ರ.

ಮೊದಲು ಶ್ರಮದ ಲೆಕ್ಕ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನಿಸುವುದು, ಹೆಚ್ಚಿನವರು ಓದಿ ಮುಂದೆ ಹೋಗುವ ಒಂದು ಮಾತು: ಮೊದಲ ಆವೃತ್ತಿಗೆ ಎರಡೇ ತಿಂಗಳು ಹಿಡಿಯಿತು, ಆಮೇಲಿನ ವರ್ಷದ ಬಹುಪಾಲನ್ನು ಮೂವರೂ ಅದನ್ನು ತಿದ್ದುವುದರಲ್ಲಿ, ಬೆಳೆಸುವುದರಲ್ಲಿ, ವಿವರಣೆ ಬರೆಯುವುದರಲ್ಲಿ ಕಳೆದೆವು ಎಂದು ನೀವು ಹೇಳಿದ್ದು. ಆ ಎರಡು ತಿಂಗಳ ಕಥೆ ಎಲ್ಲರಿಗೂ ಗೊತ್ತು. 1975ರ ಜನವರಿಯ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ಬಂತು. ಆ ಯಂತ್ರವನ್ನು ಕಣ್ಣಿಂದಲೂ ಕಾಣದ ನೀವಿಬ್ಬರು, ಅದರೊಳಗಿನ ಇಂಟೆಲ್ 8080 ಚಿಪ್ಪಿನ ಕೈಪಿಡಿ ಇಟ್ಟುಕೊಂಡು ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರಿನೊಳಗೆ ಅದರ ಅನುಕರಣೆಯೊಂದನ್ನು ಕಟ್ಟಿ, ಅದರ ಮೇಲೆ ಬೇಸಿಕ್ ಬರೆದಿರಿ. ಆಲೆನ್ ಅವರು ಆಲ್ಬುಕರ್ಕಿಗೆ ವಿಮಾನದಲ್ಲಿ ಹೋಗುವಾಗ ದಾರಿಯಲ್ಲೇ ಲೋಡರ್ ಬರೆದರು. ನಿಜವಾದ ಯಂತ್ರದ ಮೇಲೆ ಹಾಕಿದಾಗ ಎರಡಕ್ಕೆ ಎರಡು ಕೂಡಿಸಿ ನಾಲ್ಕು ಅಂತ ಅದು ಉತ್ತರ ಕೊಟ್ಟಿತು. ಇದನ್ನೆಲ್ಲ ಜನ ಬಾಯಿ ತುಂಬಾ ಹೇಳುತ್ತಾರೆ. ಆಮೇಲಿನ ಹತ್ತು ತಿಂಗಳ ಬಗ್ಗೆ ಯಾರೂ ಹೇಳುವುದಿಲ್ಲ. 4ಕೆ, 8ಕೆ, ಎಕ್ಸ್‌ಟೆಂಡೆಡ್, ರೋಮ್, ಡಿಸ್ಕ್ ಎಂದು ಐದು ರೂಪಗಳಾದವು. ಅವುಗಳಲ್ಲಿ ಒಂದೊಂದನ್ನೂ ಎಲ್ಲೋ ಇರುವ ಯಾವನೋ ತನಗೆ ತೋಚಿದಂತೆ ಬಳಸಿ ಕೆಡಿಸಿ ನೋಡುವ ಮುಂಚೆ ನೀವೇ ಕೆಡಿಸಿ ನೋಡಬೇಕಿತ್ತು.

ನೀವು ಆಲ್ಬುಕರ್ಕಿಯಲ್ಲಿ ಆ ಕೆಲಸ ಮಾಡುತ್ತಿದ್ದ 1975ರಲ್ಲೇ ಫ್ರೆಡ್ ಬ್ರೂಕ್ಸ್ ಅವರ 'ದ ಮಿಥಿಕಲ್ ಮ್ಯಾನ್-ಮಂತ್' ಹೊರಬಂತು. ಐಬಿಎಮ್‌ನ ಓಎಸ್/360 ಕಟ್ಟಿಸಿದ ಅನುಭವದಿಂದ ಅವರು ಬರೆದದ್ದು. ಅವರ ಪ್ರಕಾರ, ಬರೆದವನೇ ತನ್ನ ಕಣ್ಣೆದುರು ಓಡಿಸಬಲ್ಲ ಪ್ರೋಗ್ರಾಂ ಒಂದು, ಯಾರು ಬೇಕಾದರೂ ಎಲ್ಲಿ ಬೇಕಾದರೂ ನಂಬಿ ಓಡಿಸಬಲ್ಲ ಪ್ರೋಗ್ರಾಂ ಇನ್ನೊಂದು. ಎರಡನೆಯದಕ್ಕೆ ಮೂರು ಪಟ್ಟು ಕೆಲಸ. ಅದು ಬೇರೆ ಪ್ರೋಗ್ರಾಮುಗಳ ಜೊತೆ ಹೊಂದಿಕೊಂಡು ಒಂದು ವ್ಯವಸ್ಥೆಯ ಭಾಗವಾಗಬೇಕಾದರೆ ಮತ್ತೆ ಮೂರು ಪಟ್ಟು. ಒಟ್ಟು ಒಂಬತ್ತು. ಇದು ಅಳೆದು ತೂಗಿದ ಸಂಖ್ಯೆಯಲ್ಲ, ಅನುಭವಸ್ಥನ ಅಂದಾಜು. ಆದರೂ ಅದನ್ನು ಸುಳ್ಳು ಮಾಡಿದ ಯೋಜನೆಯನ್ನು ನಾನು ನೋಡಿಲ್ಲ. ನಕಲು ಮಾಡುವವನ ಕೈಗೆ ಬರುವುದು ಒಂಬತ್ತನೆಯ ಪಟ್ಟು ಮುಗಿದ ಮೇಲಿನ ವಸ್ತು. ಅವನ ಕಣ್ಣಿಗೆ ಕಾಣುವುದು ಮೊದಲನೆಯ ಪಟ್ಟು ಮಾತ್ರ. 'ಇಷ್ಟೇ ತಾನೆ, ವಾರದಲ್ಲಿ ನಾನೂ ಬರೆಯುತ್ತಿದ್ದೆ' ಎಂಬ ಮಾತು ಹುಟ್ಟುವುದು ಅಲ್ಲಿ.

ಬರೆದ ಸಾಲುಗಳನ್ನು ಎಣಿಸಿದರೂ ಶ್ರಮ ಸಿಕ್ಕುವುದಿಲ್ಲ. 1981ರಲ್ಲಿ ಬ್ಯಾರಿ ಬೋಮ್ ಅವರು ಕೋಕೊಮೊ ಎಂಬ ಸೂತ್ರ ಕೊಟ್ಟರು. ಅದರ ಸರಳ ರೂಪದಲ್ಲಿ, ಸಾವಿರ ಸಾಲುಗಳಲ್ಲಿ ಅಳೆದ ಗಾತ್ರವನ್ನು 1.05ರ ಘಾತಕ್ಕೇರಿಸಿ 2.4ರಿಂದ ಗುಣಿಸಿದರೆ ಎಷ್ಟು ಆಳು-ತಿಂಗಳು ಎಂಬುದು ಬರುತ್ತದೆ. ನಿಮ್ಮ ಮೊದಲ ಬೇಸಿಕ್ 4 ಕಿಲೋಬೈಟಿನ ಯಂತ್ರದಲ್ಲಿ ಕೂರಬೇಕಿತ್ತು, ಬಳಸುವವನ ಪ್ರೋಗ್ರಾಮಿಗೂ ಅದರಲ್ಲೇ ಜಾಗ ಉಳಿಸಬೇಕಿತ್ತು. 8080ರ ಒಂದೊಂದು ಆದೇಶ ಒಂದರಿಂದ ಮೂರು ಬೈಟ್. ಧಾರಾಳವಾಗಿ ಎರಡು ಸಾವಿರ ಸಾಲು ಅಂದುಕೊಂಡರೂ ಸೂತ್ರ ಕೊಡುವುದು ಸುಮಾರು ಐದು ಆಳು-ತಿಂಗಳು. ಆದರೆ ನಿಮ್ಮ ಕಷ್ಟವೆಲ್ಲ ಇದ್ದದ್ದು ಅದನ್ನು ಚಿಕ್ಕದು ಮಾಡುವುದರಲ್ಲಿ. ಒಂದೊಂದು ಬೈಟ್ ಉಳಿಸಿದಾಗಲೂ ನಿಮ್ಮ ಶ್ರಮ ಹೆಚ್ಚಿತು, ಸೂತ್ರದ ಲೆಕ್ಕದಲ್ಲಿ ಮಾತ್ರ ಕಡಿಮೆಯಾಯಿತು. ಆಪಲ್ ಕಂಪನಿಯಲ್ಲಿ 1982ರಲ್ಲಿ, ಪ್ರತಿ ವಾರ ಎಷ್ಟು ಸಾಲು ಬರೆದಿರಿ ಅಂತ ತುಂಬಿಕೊಡಲು ಒಂದು ಫಾರಂ ತಂದರು. ಬಿಲ್ ಅಟ್ಕಿನ್ಸನ್ ಅವರು ಆ ವಾರ ಕ್ವಿಕ್‌ಡ್ರಾ ಎಂಬ ಚಿತ್ರ ಬಿಡಿಸುವ ಕೋಡಿನ ಒಂದು ಭಾಗವನ್ನು ಹೊಸದಾಗಿ ಬರೆದು, ಮೊದಲಿಗಿಂತ ಸರಳವೂ ವೇಗವೂ ಆಗುವಂತೆ ಮಾಡಿ, ಸುಮಾರು ಎರಡು ಸಾವಿರ ಸಾಲು ತೆಗೆದುಹಾಕಿದ್ದರು. ಫಾರಮಿನಲ್ಲಿ ಮೈನಸ್ 2000 ಎಂದು ತುಂಬಿಕೊಟ್ಟರು.

ನಮ್ಮೂರಿನಲ್ಲಿ ಈ ಅಂದಾಜಿನ ಮೇಲೆ ಲಕ್ಷಾಂತರ ಸಂಸಾರಗಳು ನಿಂತಿವೆ. ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಉದ್ಯಮ ಬೆಳೆದದ್ದೇ ಆಳು-ದಿನಗಳನ್ನು ಮಾರಿ. ಕೆಲಸ ಹಿಡಿಯುವ ಮೊದಲು ಎಸ್ಟಿಮೇಟ್ ಕೊಡಬೇಕು. ಪ್ರಾಮಾಣಿಕವಾಗಿ ಹೇಳುವುದಾದರೆ ಅದು ಬೋರ್‌ವೆಲ್ ಲಾರಿಯವರನ್ನು ಎಷ್ಟು ಅಡಿಗೆ ನೀರು ಬರುತ್ತದೆ ಎಂದು ಕೇಳಿದ ಹಾಗೆ. ಸುತ್ತಮುತ್ತಲ ಬಾವಿಗಳನ್ನು ನೋಡಿ ಒಂದು ಅಂದಾಜು ಹೇಳಬಹುದು, ಬಂಡೆ ಎಲ್ಲಿ ಸಿಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಆದರೂ ನಲವತ್ತು ದಿನ ಎಂದು ಹೇಳಿದರೆ, ಮೇಜಿನ ಆ ಕಡೆಯಿಂದ ಬರುವ ಮಾತು ಒಂದೇ: 'ಅಷ್ಟೊಂದು ಯಾಕೆ ಬೇಕು? ರೆಡಿ ಕೋಡ್ ಎಲ್ಲಾ ಕಡೆ ಸಿಗುತ್ತಲ್ಲ, ಎತ್ತಿ ಹಾಕಿ. ಹದಿನೈದು ದಿನ ಸಾಕು.'

ನಾನು ಕೆಲಸ ಮಾಡಿದ ಒಂದು ಕಡೆ ಹೀಗೆಯೇ ಆಯಿತು. ಒಬ್ಬಳು ಹೊಸ ಹುಡುಗಿ ಅಂಥ ಹದಿನೈದು ದಿನದೊಳಗೆ ಕೆಲಸ ಮುಗಿಸಿ ಕೊಟ್ಟಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೋಡ್ ತೆರೆದು ನೋಡಿದಾಗ ಅದರ ನಡುಭಾಗವಷ್ಟೂ ಬೇರೆ ಯಾರೋ ಬರೆದದ್ದು. ಮೇಲಿದ್ದ ಹೆಸರು, ಪರವಾನಗಿಯ ಸಾಲು, ಎಲ್ಲವನ್ನೂ ಅಳಿಸಲಾಗಿತ್ತು. ಯಾಕಮ್ಮಾ ಅಳಿಸಿದೆ ಎಂದು ಕೇಳಿದೆ. 'ಕ್ಲೈಂಟ್ ನೋಡಿದರೆ ಪ್ರಶ್ನೆ ಕೇಳ್ತಾರೆ ಸರ್, ತೆಗೆದುಬಿಡು ಅಂದರು' ಅಂದಳು. ಯಾರು ಅಂದರು ಎಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಸಮಯ ಕಡಿತ ಮಾಡಿದವರೇ ಹೆಸರನ್ನೂ ಅಳಿಸಲು ಹೇಳಿದ್ದರು. ಈ ಎರಡು ಕೆಡುಕುಗಳನ್ನು ನಾನು ಬೇರೆ ಬೇರೆಯಾಗಿ ಕಂಡದ್ದು ಬಹಳ ಅಪರೂಪ. ಅಂದಾಜು ಕತ್ತರಿಸಿದರೆ ನಕಲು ಹುಟ್ಟುತ್ತದೆ. ನಕಲಿನಿಂದ ಮುಗಿದ ಕೆಲಸ ಮುಂದಿನ ಅಂದಾಜಿಗೆ ಆಧಾರವಾಗುತ್ತದೆ. ಹೋದ ಸಲ ಹದಿನೈದು ದಿನದಲ್ಲಿ ಆಯಿತಲ್ಲ, ಈ ಸಲ ಯಾಕೆ ಆಗದು? ಎಲ್ಲೋ ಒಬ್ಬ ವರ್ಷಗಟ್ಟಲೆ ಕೂತು ಬರೆದದ್ದು ಲೆಕ್ಕದಿಂದಲೇ ಮಾಯವಾಗಿ, ನಂತರ ಬರುವ ಪ್ರತಿ ಪ್ರೋಗ್ರಾಮರ್‌ನ ದಿನಗಳು ಮೊಟಕಾಗುತ್ತವೆ. ನಕಲಿನಿಂದ ಯಾರಿಗೂ ತೊಂದರೆಯಿಲ್ಲ ಎನ್ನುವವರು ಈ ಹುಡುಗಿಯ ಮುಂದಿನ ಎಸ್ಟಿಮೇಟನ್ನು ಒಮ್ಮೆ ನೋಡಬೇಕು.

ನಕಲು ಮಾಡಿದ ಭಾಗದ ನಿಜವಾದ ಬೆಲೆ ಗೊತ್ತಾಗುವುದು ಅದನ್ನು ತೆಗೆದು ಮತ್ತೆ ಬರೆಯಲು ಕೂತಾಗ. ಇದಕ್ಕೆ ನಿಮ್ಮ ದೇಶದ ಕೋರ್ಟಿನಲ್ಲೇ ಸಾಕ್ಷಿ ಇದೆ. ಕಂಪ್ಯೂಟರ್ ಅಸೋಸಿಯೇಟ್ಸ್ ಕಂಪನಿಯನ್ನು ಬಿಟ್ಟು ಆಲ್ಟಾಯ್ ಎಂಬ ಚಿಕ್ಕ ಕಂಪನಿಗೆ ಸೇರಿದ ಪ್ರೋಗ್ರಾಮರ್ ಒಬ್ಬ ಹಳೆಯ ಕೋಡನ್ನು ಜೊತೆಗೆ ತಂದಿದ್ದ. ಆಲ್ಟಾಯ್‌ನ ಆಸ್ಕರ್ ಎಂಬ ಪ್ರೋಗ್ರಾಮಿನ ಸುಮಾರು ಶೇಕಡಾ 30 ಭಾಗ ಅದರಿಂದ ಎತ್ತಿದ್ದು. ಆಲ್ಟಾಯ್‌ನ ಮೇಲಿನವರಿಗೆ ಇದು ತಿಳಿದದ್ದು 1988ರಲ್ಲಿ ದಾವೆ ಬಿದ್ದಾಗ. ಅವರು ಮಾಡಿದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ: ಎತ್ತಿದ ಕೋಡನ್ನು ಬೀಗ ಹಾಕಿಟ್ಟರು, ಅದನ್ನು ತಂದವನನ್ನು ಆ ಕೆಲಸದಿಂದ ದೂರವಿಟ್ಟರು, ಅದನ್ನು ಎಂದೂ ನೋಡಿರದ ಎಂಟು ಜನರಿಗೆ ಏನು ಆಗಬೇಕು ಎಂದಷ್ಟೇ ಹೇಳಿ ಆ ಭಾಗಗಳನ್ನು ಹೊಸದಾಗಿ ಬರೆಸಿದರು. ಸುಮಾರು ಆರು ತಿಂಗಳು ಹಿಡಿಯಿತು. 1992ರಲ್ಲಿ ಮೇಲ್ಮನವಿ ಕೋರ್ಟು ಹಳೆಯ ಆವೃತ್ತಿಗೆ ವಿಧಿಸಿದ್ದ 364,444 ಡಾಲರ್ ಪರಿಹಾರವನ್ನು ಎತ್ತಿಹಿಡಿಯಿತು, ಹೊಸದಾಗಿ ಬರೆದ ಆವೃತ್ತಿಯಲ್ಲಿ ತಪ್ಪಿಲ್ಲ ಎಂದಿತು. ಎತ್ತಿಕೊಳ್ಳುವಾಗ ಬಹುಶಃ ಯಾರ ಗಮನಕ್ಕೂ ಬಾರದಷ್ಟು ಹೊತ್ತು ಹಿಡಿದ ಕೆಲಸಕ್ಕೆ ಎಂಟು ಜನರ ಅರ್ಧ ವರ್ಷ ಬೇಕಾಯಿತು.

ಇಷ್ಟರವರೆಗೆ ನಾನು ನಿಮ್ಮ ಪಕ್ಷದಲ್ಲೇ ಇದ್ದೇನೆ. ಇಲ್ಲಿಂದ ಮುಂದೆ ನಿಮ್ಮ ವಾದವನ್ನು ಒಪ್ಪಲಾರೆ. ಶ್ರಮ ಹೆಚ್ಚು, ಆದ್ದರಿಂದ ನಕಲು ತಪ್ಪು ಎಂಬುದು ನಿಮ್ಮ ಪತ್ರದ ತಿರುಳು. ಶ್ರಮವೇ ಅಳತೆಗೋಲಾದರೆ, ನಿಮ್ಮ ಕೈಗೆ ಬಂದ ಪರರ ಶ್ರಮವನ್ನೂ ಅದೇ ಗೋಲಿನಿಂದ ಅಳೆಯಬೇಕಾಗುತ್ತದೆ. ಬೇಸಿಕ್ ಭಾಷೆಯನ್ನು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಅವರು ಎಲ್ಲ ವಿದ್ಯಾರ್ಥಿಗಳೂ ಕಲಿಯಲಿ ಎಂದು ಕಟ್ಟಿದರು. ನೀವು ಅದನ್ನು ತೆಗೆದುಕೊಂಡಿರಿ. ಅವರು ಬೇಡ ಅನ್ನಲಿಲ್ಲ. ನಿಮ್ಮ ಮೊದಲ ಆವೃತ್ತಿ ಹುಟ್ಟಿದ್ದು ರಕ್ಷಣಾ ಇಲಾಖೆಯ ಹಣದಿಂದ ಹಾರ್ವರ್ಡ್‌ಗೆ ಬಂದಿದ್ದ ಕಂಪ್ಯೂಟರಿನ ಮೇಲೆ. ಅದನ್ನು ವ್ಯಾಪಾರದ ಕೆಲಸಕ್ಕೆ ಬಳಸಿದ್ದನ್ನು ವಿಶ್ವವಿದ್ಯಾಲಯ ಆಮೇಲೆ ಆಕ್ಷೇಪಿಸಿತು. ಆ ಮೇಲೆ ನೀವು ದುಡ್ಡು ಕೊಟ್ಟು ಕಂಪ್ಯೂಟರ್ ಸಮಯ ಕೊಂಡಿರಿ. ಅತ್ತ ಹವ್ಯಾಸಿಗಳಿಗೂ ಒಂದು ಅಹವಾಲಿತ್ತು. ಆಲ್ಟೇರ್ ತಯಾರಿಸುತ್ತಿದ್ದ ಎಮ್‌ಐಟಿಎಸ್ ಕಂಪನಿ ಸರಿಯಾಗಿ ಓಡದ ತನ್ನ ಮೆಮೊರಿ ಬೋರ್ಡುಗಳನ್ನು ಕೊಂಡವರಿಗೆ ಬೇಸಿಕ್ಕನ್ನು ಕಡಿಮೆ ಬೆಲೆಗೂ, ಕೊಳ್ಳದವರಿಗೆ ಬಹಳ ದುಬಾರಿಗೂ ಮಾರುತ್ತಿತ್ತು. 1975ರ ಬೇಸಿಗೆಯಲ್ಲಿ ಪಾಲೊ ಆಲ್ಟೊದ ಹೋಟೆಲಿನ ಪ್ರದರ್ಶನದಲ್ಲಿ ನಿಮ್ಮ ಕಾಗದದ ಟೇಪು ಕೈಬದಲಾಗಿ ಹೋಮ್‌ಬ್ರೂ ಎಂಬ ಹವ್ಯಾಸಿಗಳ ಕ್ಲಬ್ಬಿನಲ್ಲಿ ಪ್ರತಿಗಳು ಹಂಚಿಹೋದಾಗ, ದುಡ್ಡು ಕಟ್ಟಿ ಇನ್ನೂ ಕಾಯುತ್ತಿದ್ದವರೂ ಆ ಸಾಲಿನಲ್ಲಿದ್ದರು. ಈ ಅಹವಾಲು ನಿಜ. ಹಾಗೆಂದು ಟೇಪು ಒಯ್ದದ್ದು ಸರಿಯಾಗುವುದಿಲ್ಲ. ಎಮ್‌ಐಟಿಎಸ್‌ನ ಮೇಲಿನ ಸಿಟ್ಟನ್ನು ಅವರು ಕೋಡ್ ಬರೆದವರ ಮೇಲೆ ತೀರಿಸಿಕೊಂಡರು.

ಈಗ ನಿಮ್ಮ ಗೋಲನ್ನು ಇನ್ನೂ ದೊಡ್ಡ ಕೆಲಸಕ್ಕೆ ಹಿಡಿದು ನೋಡಿ. 2001ರಲ್ಲಿ ಡೇವಿಡ್ ವೀಲರ್ ಎಂಬವರು ರೆಡ್ ಹ್ಯಾಟ್ ಲಿನಕ್ಸ್ 7.1ರ ಸಾಲುಗಳನ್ನೆಲ್ಲ ಎಣಿಸಿದರು. ಮೂರು ಕೋಟಿಗೂ ಹೆಚ್ಚು ಸಾಲು. ಅದೇ ಕೋಕೊಮೊ ಸೂತ್ರ ಹಾಕಿದಾಗ ಬಂದದ್ದು ಸುಮಾರು 8,000 ಆಳು-ವರ್ಷ, ಒಂದು ಶತಕೋಟಿ ಡಾಲರ್‌ಗೂ ಮೀರಿದ ಬೆಲೆ. ನಿಮ್ಮದು ಮೂರು ಆಳು-ವರ್ಷ. ಮೂರು ವರ್ಷದ್ದನ್ನು ನಕಲು ಮಾಡಿದ್ದು ತಪ್ಪು. ಎಂಟು ಸಾವಿರ ವರ್ಷದ್ದನ್ನು ನಕಲು ಮಾಡಿದರೆ ಬರೆದವರೇ ಸಂತೋಷಪಡುತ್ತಾರೆ. ಯಾವ ಹವ್ಯಾಸಿ ತಾನೆ ಹೀಗೆ ಮಾಡುತ್ತಾನೆ ಎಂದು ನೀವು ಕೇಳಿದ್ದಿರಿ. ಉತ್ತರ ಅದೇ ವರ್ಷ ಬರತೊಡಗಿತ್ತು. ಡೆನಿಸ್ ಆಲಿಸನ್ ಅವರ ಟೈನಿ ಬೇಸಿಕ್ ವಿನ್ಯಾಸವನ್ನು ಓದಿ ಹವ್ಯಾಸಿಗಳು ತಮ್ಮ ತಮ್ಮ ಬೇಸಿಕ್ ಬರೆದು ಪತ್ರಿಕೆಗಳಲ್ಲಿ ಇಡೀ ಕೋಡನ್ನೇ ಅಚ್ಚು ಹಾಕಿಸಿದರು. ಟಾಮ್ ಪಿಟ್ಮನ್ ತಮ್ಮದನ್ನು ಐದು ಡಾಲರಿಗೆ ಮಾರಿದರು, ಜನ ಕೊಂಡರು.

ಇನ್ನೊಂದು ತುದಿಯನ್ನೂ ನೋಡಿ. ಆಂಡ್ರಾಯ್ಡ್ ಕುರಿತ ಒರಾಕಲ್ ಮತ್ತು ಗೂಗಲ್ ಮೊಕದ್ದಮೆಯಲ್ಲಿ 'ರೇಂಜ್‌ಚೆಕ್' ಎಂಬ, ನಕಲಾದ ಒಂಬತ್ತು ಸಾಲು ಇತ್ತು. ಕೋಡ್ ಬರೆಯಲು ಬರುತ್ತಿದ್ದ ನ್ಯಾಯಾಧೀಶರೇ, ಇಂಥದ್ದನ್ನು ತಾವೂ ಬರೆದಿರುವುದಾಗಿ ಹೇಳಿದರು. ಆದರೂ 2012ರಲ್ಲಿ ಜೂರಿ ಅದನ್ನು ಉಲ್ಲಂಘನೆ ಎಂದೇ ತೀರ್ಮಾನಿಸಿತು. ಅದೇ ಮೊಕದ್ದಮೆಯ ಸುಮಾರು 11,500 ಸಾಲುಗಳ ಬಳಕೆಯನ್ನು 2021ರ ಏಪ್ರಿಲ್‌ನಲ್ಲಿ ನಿಮ್ಮ ಸುಪ್ರೀಂ ಕೋರ್ಟು ನ್ಯಾಯಸಮ್ಮತ ಎಂದಿತು. ಬರೀ ಬೆವರು ಸುರಿಸಿದ್ದಕ್ಕೆ ಕೃತಿಸ್ವಾಮ್ಯ ಹುಟ್ಟುವುದಿಲ್ಲ ಎಂದು ನಿಮ್ಮ ಸುಪ್ರೀಂ ಕೋರ್ಟು 1991ರಲ್ಲಿ ಒಂದು ಟೆಲಿಫೋನ್ ಡೈರೆಕ್ಟರಿಯ ವಿಷಯದಲ್ಲಿ ಹೇಳಿತು. ನಮ್ಮ ಸುಪ್ರೀಂ ಕೋರ್ಟೂ 2007ರಲ್ಲಿ, ಕಾನೂನು ವರದಿಗಳ ಸಂಪಾದನೆಯ ಪ್ರಕರಣದಲ್ಲಿ, ಶ್ರಮವೊಂದೇ ಸಾಲದು ಎಂದಿತು.

ಹಾಗಾದರೆ ತಪ್ಪು ಇರುವುದೆಲ್ಲಿ? ನನ್ನ ಮಟ್ಟಿಗೆ ಅದು ಇರುವುದು ಕೇಳದೆ ಇರುವುದರಲ್ಲಿ. ಬರೆದವರು ಒಂದು ಷರತ್ತು ಇಟ್ಟಿದ್ದಾರೆ. ದುಡ್ಡು ಕೊಡು ಎಂಬುದು ಒಂದು ಷರತ್ತು. ನನ್ನ ಹೆಸರು ಉಳಿಸು ಎಂಬುದು ಇನ್ನೊಂದು. ನೀನು ತಿದ್ದಿದ್ದನ್ನೂ ಮುಂದಿನವರಿಗೆ ಕೊಡು ಎಂಬುದು ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ಜಿಪಿಎಲ್ ಪರವಾನಗಿಯಲ್ಲಿ ಇಟ್ಟ ಷರತ್ತು. ಮೂರರಲ್ಲಿ ಯಾವುದನ್ನು ಮುರಿದರೂ ಮುರಿದದ್ದು ಒಬ್ಬ ಮನುಷ್ಯನ ಮಾತನ್ನು. ಬೆಲೆ ಸೊನ್ನೆಯಾಗಿದ್ದರೂ ಅದು ತಪ್ಪೇ. 2004ರಲ್ಲಿ ಮ್ಯೂನಿಕ್‌ನ ಕೋರ್ಟು, ಲಿನಕ್ಸಿನ ಒಂದು ಭಾಗವನ್ನು ರೌಟರಿನೊಳಗೆ ಹಾಕಿ ಪರವಾನಗಿಯ ಷರತ್ತು ಪಾಲಿಸದ ಸೈಟ್‌ಕಾಮ್ ಕಂಪನಿಯ ವಿರುದ್ಧ ತಡೆಯಾಜ್ಞೆ ಕೊಟ್ಟಿತು. ಯಾರೂ ಒಂದು ಕಾಸಿನ ನಷ್ಟ ತೋರಿಸಬೇಕಾಗಿರಲಿಲ್ಲ.

ಈ ನೆಲೆಯಿಂದ ನೋಡಿದರೆ ನಕಲು ಮಾಡಬೇಡಿ ಎಂದು ಮಕ್ಕಳಿಗೆ ಹೇಳುವುದೂ ಬೇರೆ ರೀತಿ ಆಗುತ್ತದೆ. ನಮ್ಮಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ವರದಿ ಸಮೇತ ಸಿದ್ಧ ಮಾಡಿ ಮಾರುವ ಅಂಗಡಿಗಳಿವೆ. ಕೊಳ್ಳುವ ಹುಡುಗನಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ತೋರಿಸಿ, ನಕಲು ಪ್ರೋಗ್ರಾಮನ್ನು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಎಂದು ಹೆದರಿಸಬಹುದು. ಅವನು ನಗುತ್ತಾನೆ, ಹಾಗೆ ಜೈಲಿಗೆ ಹೋದವರನ್ನು ಅವನು ಕಂಡಿಲ್ಲ. ಅದರ ಬದಲು ಅದೇ ಕಾಯ್ದೆಯ 52ನೇ ಕಲಂ ಓದಿಸುತ್ತೇನೆ. ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ಪ್ರತಿಯನ್ನು ಭದ್ರತೆಗೆ ಇಟ್ಟುಕೊಳ್ಳಬಹುದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ಕಲಿಯಬಹುದು, ಇನ್ನೊಂದು ಪ್ರೋಗ್ರಾಂ ಜೊತೆ ಹೊಂದಿಸಲು ಬೇಕಾದಷ್ಟು ತಿಳಿದುಕೊಳ್ಳಬಹುದು ಎಂದು ಅದು ಹೇಳುತ್ತದೆ. ಕಲಿಯಲು ಬಾಗಿಲು ತೆರೆದೇ ಇದೆ. ನನ್ನದು ಎಂದು ಹೇಳಿಕೊಳ್ಳುವುದಕ್ಕೆ ಮಾತ್ರ ಇಲ್ಲ. ಕನ್ನಡದ ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳು ಮುಕ್ತ ಪರವಾನಗಿಯಡಿ ಸಿಗುತ್ತವೆ. ಒತ್ತಕ್ಷರ ಸರಿಯಾಗಿ ಕೂರಲು ಎಷ್ಟು ಸಂಜೆಗಳು ಹೋದವು ಎಂಬುದು ಅವುಗಳನ್ನು ಬಳಸುವವರಿಗೆ ತಿಳಿಯದು. ಮಾಡಿದವರು ಬೆಲೆ ಕೇಳಲಿಲ್ಲ. ಅವುಗಳ ಜೊತೆ ಇರುವ ಪರವಾನಗಿಯ ಕಡತವನ್ನು ಕಿತ್ತುಹಾಕದಿರುವುದೊಂದೇ ನಾವು ಅವರಿಗೆ ಸಲ್ಲಿಸಬೇಕಾದ ಋಣ.

ಈಗ ನಾನು ನಿಮ್ಮನ್ನೇ ಹುಡುಕಿಕೊಂಡು ಬಂದ ಕಾರಣ ಹೇಳುತ್ತೇನೆ. ಹೀಗೆ ಷರತ್ತಿನೊಂದಿಗೆ ಕೋಡ್ ಹಂಚುವವರ ಬಹುದೊಡ್ಡ ಜಾಗ ಗಿಟ್‌ಹಬ್. ಅದನ್ನು ನೀವು ಕಟ್ಟಿದ ಕಂಪನಿ 2018ರಲ್ಲಿ 750 ಕೋಟಿ ಡಾಲರಿಗೆ ಕೊಂಡಿತು. 2021ರ ಜೂನ್‌ನಲ್ಲಿ ಅಲ್ಲಿಂದ ಕೋಪೈಲಟ್ ಬಂತು. ಸಾರ್ವಜನಿಕವಾಗಿ ಇಟ್ಟಿದ್ದ ಅಪಾರ ಕೋಡನ್ನು ಕಲಿತು, ಕೇಳಿದವರಿಗೆ ಕೋಡ್ ಬರೆದುಕೊಡುವ ಯಂತ್ರ. ಒಂದು ವರ್ಷದ ಮೇಲೆ ಅದಕ್ಕೆ ತಿಂಗಳಿಗೆ ಹತ್ತು ಡಾಲರ್ ಬೆಲೆ ಇಟ್ಟರು. ಬಂದ ಹೊಸತರಲ್ಲೇ ಅದು ಕ್ವೇಕ್ 3 ಆಟದ ಪ್ರಸಿದ್ಧವಾದ ವ್ಯುತ್ಕ್ರಮ ವರ್ಗಮೂಲದ ಕೋಡನ್ನು, ಬರೆದವರ ಟಿಪ್ಪಣಿಗಳ ಸಮೇತ ಅಕ್ಷರಶಃ ಒಪ್ಪಿಸಿ, ಅದರ ಮೇಲೆ ಬೇರೆಯೇ ಪರವಾನಗಿ ಹಾಕಿತು. ಮೂಲ ಬಂದದ್ದು ಜಿಪಿಎಲ್ ಅಡಿಯಲ್ಲಿ. ನನ್ನ ಜೊತೆಗಿದ್ದ ಆ ಹುಡುಗಿ ಸಮಯವಿಲ್ಲದೆ, ಮೇಲಿನವರ ಮಾತು ಮೀರಲಾರದೆ ಮಾಡಿದ್ದನ್ನು ಈ ಯಂತ್ರ ಯಾವ ಒತ್ತಡವೂ ಇಲ್ಲದೆ ಮಾಡಿತು. 2022ರ ನವೆಂಬರ್‌ನಲ್ಲಿ ಕೆಲವು ಪ್ರೋಗ್ರಾಮರುಗಳು ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿದರು. ಅವರ ಆಪಾದನೆಗಳಲ್ಲಿ ಹೆಚ್ಚಿನವನ್ನು ಕೋರ್ಟು ತಳ್ಳಿಹಾಕಿತು, ಪರವಾನಗಿಯ ಷರತ್ತು ಮುರಿದ ಪ್ರಶ್ನೆಯನ್ನು ಉಳಿಸಿಕೊಂಡಿತು. ಕಾನೂನು ಏನು ಹೇಳುತ್ತದೋ ಹೇಳಲಿ. ನಿಮ್ಮ 1976ರ ಪತ್ರ ಕಾನೂನಿಗಾಗಿ ಕಾದು ಬರೆದದ್ದಲ್ಲ.

ಈ ಯಂತ್ರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಆಫೀಸಿನಲ್ಲೂ ದಿನವೂ ಬಳಕೆಯಲ್ಲಿದೆ. ನನ್ನ ಮಾತು ಇಷ್ಟೇ: ಅದು ಬಂದ ಮೇಲೆ ಆ ಹಳೆಯ ಎರಡೂ ಕೆಡುಕುಗಳು ಒಂದೇ ಉಪಕರಣದಲ್ಲಿ ಬಂದು ಕೂತಿವೆ. ನಲವತ್ತು ದಿನ ಎಂದರೆ ಈಗ ಬರುವ ಉತ್ತರ 'ಎಐ ಬರೆಯುತ್ತಲ್ಲ, ನಾಲ್ಕು ದಿನ ಸಾಕು.' ಬರೆಯುವುದು ಬ್ರೂಕ್ಸ್ ಹೇಳಿದ ಮೊದಲ ಪಟ್ಟು ಮಾತ್ರ. ಉಳಿದ ಎಂಟು ಪಟ್ಟು, ಅಂದರೆ ಪರೀಕ್ಷೆ, ಹೊಂದಿಕೆ, ವಿವರಣೆ, ರಾತ್ರಿ ಹನ್ನೆರಡಕ್ಕೆ ಬರುವ ಬಗ್ಗಿನ ಜವಾಬ್ದಾರಿ, ಎಲ್ಲವೂ ಅದೇ ನಾಲ್ಕು ದಿನದಲ್ಲಿ ಸೇರಬೇಕು. ಆ ಕೋಡ್ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂದು ವಿಚಾರಿಸಲು ಯಾವ ಎಸ್ಟಿಮೇಟಿನಲ್ಲೂ ಒಂದು ಗಂಟೆ ಇಟ್ಟದ್ದನ್ನು ನಾನು ಕಂಡಿಲ್ಲ.

ನೀವು 2020ರಲ್ಲೇ ಮೈಕ್ರೋಸಾಫ್ಟ್‌ನ ಆಡಳಿತ ಮಂಡಳಿಯಿಂದ ಹೊರಬಂದವರು. ಕೋಪೈಲಟ್‌ಗೆ ನೀವು ಉತ್ತರ ಕೊಡಬೇಕಾದವರಲ್ಲ, ನಿಜ. ಆದರೆ ಈ ವಿಷಯದಲ್ಲಿ ನಿಮ್ಮಷ್ಟು ಮಾತಿನ ಅಧಿಕಾರ ಇರುವವರು ಇನ್ನೊಬ್ಬರಿಲ್ಲ. 2025ರ ಏಪ್ರಿಲ್‌ನಲ್ಲಿ, ಕಂಪನಿಗೆ ಐವತ್ತು ತುಂಬಿದಾಗ, ಆಲ್ಟೇರ್ ಬೇಸಿಕ್ಕಿನ ಮೂಲ ಕೋಡನ್ನು ಜನ ಓದಲೆಂದು ನೀವೇ ಬಿಡುಗಡೆ ಮಾಡಿದಿರಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ 6502 ಚಿಪ್ಪಿಗೆ ಬರೆದಿದ್ದ ತನ್ನ ಬೇಸಿಕ್ಕನ್ನು, ಸುಮಾರು ಏಳು ಸಾವಿರ ಸಾಲು ಅಸೆಂಬ್ಲಿಯನ್ನು, ಎಮ್‌ಐಟಿ ಪರವಾನಗಿಯಡಿ ಹೊರಗಿಟ್ಟಿತು. ಆ ಪರವಾನಗಿ ಹೆಚ್ಚೇನೂ ಕೇಳುವುದಿಲ್ಲ. ನಕಲು ಮಾಡಿ, ತಿದ್ದಿ, ಮಾರಿ, ಏನು ಬೇಕಾದರೂ ಮಾಡಿ. ಕೃತಿಸ್ವಾಮ್ಯದ ಸಾಲು ಮತ್ತು ಪರವಾನಗಿಯ ಒಕ್ಕಣೆಯನ್ನು ಮಾತ್ರ ಪ್ರತಿಯೊಂದಿಗೆ ಉಳಿಸಿ. ನಿಮ್ಮ ಹಳೆಯ ಕೋಡಿಗೆ ನಿಮ್ಮ ಕಂಪನಿ ಕೇಳಿದ್ದು ಅಷ್ಟು. ಜಗತ್ತಿನ ಉಳಿದ ಪ್ರೋಗ್ರಾಮರುಗಳಲ್ಲಿ ಬಹಳ ಮಂದಿ ತಮ್ಮ ಕೋಡಿಗೆ ಕೇಳಿದ್ದೂ ಅಷ್ಟೇ.

ಆದ್ದರಿಂದ ಇನ್ನೊಂದು ಪತ್ರ ಬರೆಯಿರಿ ಎಂದು ಬೇಡುತ್ತೇನೆ. ಈ ಸಲ ಹವ್ಯಾಸಿಗಳಿಗಲ್ಲ, ಕಂಪನಿಗಳಿಗೆ; ನೀವು ಕಟ್ಟಿದ ಕಂಪನಿಗೆ ಮೊದಲು. ತಮ್ಮ ಕೋಡ್ ತರಬೇತಿಗೆ ಹೋಗಬೇಕೇ ಬೇಡವೇ ಎಂದು ಬರೆದವರನ್ನು ಮೊದಲೇ ಕೇಳಿ ಎಂದು ಹೇಳಿ. ಯಂತ್ರ ಯಾರದೋ ಕೋಡನ್ನು ಹಾಗೆಯೇ ಒಪ್ಪಿಸಿದಾಗ ಅವರ ಹೆಸರು ಮತ್ತು ಪರವಾನಗಿ ಜೊತೆಗೇ ಬರುವಂತೆ ಮಾಡಿ ಎಂದು ಹೇಳಿ. ಇದು ಆಗದ ಕೆಲಸವೇನಲ್ಲ. ಸಾರ್ವಜನಿಕ ಕೋಡಿಗೆ ತಾಳೆಯಾಗುವ ಸಾಲುಗಳನ್ನು ತಡೆಯುವ, ಅವುಗಳ ಮೂಲ ತೋರಿಸುವ ಸೌಲಭ್ಯವನ್ನು ಗಿಟ್‌ಹಬ್ಬೇ ಆಮೇಲೆ ಸೇರಿಸಿದೆ. ಆದರೆ ಅದು ಬಳಸುವವರು ಆಯ್ದುಕೊಂಡರೆ ಮಾತ್ರ ಸಿಗುವ ಸೌಲಭ್ಯವಾಗಿರಬಾರದು, ಎಲ್ಲರಿಗೂ ಕಡ್ಡಾಯವಾಗಿರಬೇಕು. ಇದಕ್ಕೆಲ್ಲ ಎಷ್ಟು ಆಳು-ವರ್ಷ ಬೇಕು ಎಂದು ಅವರು ಕೇಳಿದರೆ, ಕಡಿಮೆ ಹೇಳಿ ಒಪ್ಪಿಸಬೇಡಿ. ಒಂಬತ್ತು ಪಟ್ಟೇ ಹೇಳಿ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಪ್ರೋಗ್ರಾಮರ್